ಆ ಬೆಂಚು (ಭಾಗ 4)

ಫೋಟೋದಲ್ಲಿ ಕಾಣೋ ಬೆಂಚಿನ ಮೇಲೆ ಈ ವರ್ಷ ಮೂರು ಸಲ ಕೂತಿದೀನಿ. ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಯ ಜೆನೆಟಿಕ್ಸ್ ಒಪಿಡಿ ಎದುರು. ಹಿಂದಿನ ಭಾಗ ಓದಿದವರಿಗೆ ಗೊತ್ತು, ನನ್ನ ತಮ್ಮನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ. ಹತ್ತನೇ ವಯಸ್ಸಿಗೆ ನಡೆಯೋದು ನಿಂತಿತು. ಈ ಕಾಯಿಲೆ ಬರೋದು ಹೆಚ್ಚಾಗಿ ಗಂಡುಮಕ್ಕಳಿಗೆ, ಆದ್ರೆ ಜೀನ್ ತಾಯಿ ಕಡೆಯಿಂದ ಬಂದಿರಬಹುದು. ಟೆಸ್ಟ್ ಮಾಡಿಸಿದಾಗ ಅಮ್ಮ ಕ್ಯಾರಿಯರ್ ಅಂತ ಬಂತು. ಅಂದ್ರೆ ಅಕ್ಕನೂ ಆಗಿರೋ ಸಾಧ್ಯತೆ ಅರ್ಧಕ್ಕರ್ಧ. ನಾನೂ ಅಷ್ಟೇ.

ಅಕ್ಕ ಬಸುರಿ ಅಂತ ಗೊತ್ತಾದ ದಿನ ಮನೇಲಿ ಯಾರೂ ಸ್ವೀಟ್ ತರಲಿಲ್ಲ. ಮೊದಲು ಆಸ್ಪತ್ರೆಗೆ ಫೋನ್ ಮಾಡಿದ್ವಿ. ಆಗ 8ನೇ ವಾರ. ಸಿಕ್ಕ ಡೇಟ್ ಏಳು ವಾರ ಆಚೆ.

ನೀವೇ ಲೆಕ್ಕ ಹಾಕಿ. ಮಾಸಿನ ಚೂರು ತೆಗೆದು ಮಗುವಿನ ಜೀನ್ ನೋಡೋ ಪರೀಕ್ಷೆ ಮಾಡೋದು 11ರಿಂದ 14ನೇ ವಾರದೊಳಗೆ. ಅದಕ್ಕೂ ಮೊದಲು ಅಕ್ಕನ ರಕ್ತದ ರಿಪೋರ್ಟ್ ಕೈಲಿರಬೇಕು. ನಮ್ಮ ಡೇಟ್ ಬರೋ ಹೊತ್ತಿಗೆ 15ನೇ ವಾರ.

ಡೇಟ್ ಇಲ್ಲದೇನೆ ಹೋದ್ವಿ. ನಿಜ ಹೇಳ್ತೀನಿ, ನಾನು ಜಗಳಕ್ಕೆ ರೆಡಿಯಾಗೇ ಹೋಗಿದ್ದೆ. ಬೆಳಗ್ಗೆ 9ರಿಂದ ಕೂತು ನೋಡಿದ ಮೇಲೆ ಬಾಯಿ ಕಟ್ಟಿತು. ಒಳಗೆ ಒಬ್ಬ ಡಾಕ್ಟರ್, ಒಬ್ಬರು ಕೌನ್ಸೆಲರ್, ಅಷ್ಟೇ. ಪಕ್ಕದ ಒಪಿಡಿಲಿ ಐದು ನಿಮಿಷಕ್ಕೊಬ್ಬರು ಚೀಟಿ ಹಿಡ್ಕೊಂಡು ಹೊರಗೆ ಬರ್ತಿದ್ರು. ಇಲ್ಲಿ ಒಂದು ಕುಟುಂಬ ಒಳಗೆ ಹೋದ್ರೆ ಮುಕ್ಕಾಲು ಗಂಟೆ. ಮೂರು ತಲೆಮಾರು ಕೇಳಿ ಬರೀಬೇಕು, ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ. ಯಾವ ಮಗು ಚಿಕ್ಕದರಲ್ಲೇ ಹೋಯ್ತು, ಮದುವೆ ಸಂಬಂಧದಲ್ಲೇ ಆಯ್ತಾ, ಇವನ್ನೆಲ್ಲ ಅತ್ತೆ ಎದುರು ಯಾವ ಸೊಸೆ ಪಟಪಟ ಅಂತ ಹೇಳ್ತಾಳೆ? "ನಿಮ್ಮ ತಪ್ಪಲ್ಲಮ್ಮ" ಅಂತ ಕೌನ್ಸೆಲರ್ ಒಬ್ಬರಿಗೆ ಮೂರು ಸಲ ಹೇಳಿದ್ದು ಬಾಗಿಲ ಆಚೆಗೂ ಕೇಳಿಸ್ತು.

ನಾನು ಬಿಕಾಂ, ತಲೆ ಖರ್ಚಿನ ಕಡೆಗೇ ಓಡುತ್ತೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಆಯ್ದ ಕೇಂದ್ರಗಳಿಗೆ ಪರೀಕ್ಷೆ, ಚಿಕಿತ್ಸೆಯ ಸೌಲಭ್ಯಕ್ಕೆ ಅಂತ ಒಂದೇ ಸಲದ ಅನುದಾನ ಇದೆ, 5 ಕೋಟಿವರೆಗೆ. ಒಳ್ಳೇದೇ. ಆದ್ರೆ ಅಂಥದ್ದು ಬಂಡವಾಳ ವೆಚ್ಚ, ಯಂತ್ರ ಬಂದ ದಿನ ಟೇಪ್ ಕತ್ತರಿಸಬಹುದು. ಕೌನ್ಸೆಲರ್ ಸಂಬಳ ಪ್ರತಿ ತಿಂಗಳೂ ಬರೋ ಖರ್ಚು. ಮುಕ್ಕಾಲು ಗಂಟೆಯನ್ನ ಯಾವ ಯಂತ್ರವೂ ಐದು ನಿಮಿಷ ಮಾಡಲ್ಲ. ಇನ್ನೊಬ್ಬರು ಇನ್ನೊಂದು ಕುರ್ಚಿಲಿ ಕೂತ್ರೆ ಮಾತ್ರ ಕ್ಯೂ ಕರಗುತ್ತೆ.

ಮಧ್ಯಾಹ್ನ 3ಕ್ಕೆ ಅಕ್ಕನಿಗೆ ಎಷ್ಟನೇ ವಾರ ಅಂತ ಕೇಳಿ ನಮ್ಮನ್ನ ನಡುವೆ ಕರೆದರು. ಅವತ್ತೇ ರಕ್ತ ತಗೊಂಡ್ರು. 12ನೇ ವಾರಕ್ಕೆ ರಿಪೋರ್ಟ್ ಬಂತು. ಅಕ್ಕ ಕ್ಯಾರಿಯರ್ ಅಲ್ಲ. ಅಮ್ಮ ಕಾರಿಡಾರಲ್ಲೇ ಕೂತು ಅತ್ತಳು.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದ್ರೆ ನಾವು ಒಳಗೆ ಹೋದ ದಿನ ನಮ್ಮ ಪಕ್ಕ ಒಬ್ಬರು ಮಗು ಮಲಗಿಸ್ಕೊಂಡು ಕೂತಿದ್ರು, ಹೊಸದುರ್ಗದ ಕಡೆಯವರು. ನಮಗಿಂತ ಮೊದಲೇ ಬಂದಿದ್ರು, ಡೇಟ್ ಇತ್ತು. ನಾವು ಹೊರಗೆ ಬರೋ ಹೊತ್ತಿಗೆ "ಇವತ್ತು ಟೈಮ್ ಆಯ್ತು, ಮುಂದಿನ ವಾರ ಬನ್ನಿ" ಅಂದ್ರು ಅವರಿಗೆ. ಅವರು ನಮ್ಮನ್ನ ಬೈಯಲಿಲ್ಲ. ಕೊನೇ ಬಸ್ ಎಷ್ಟಕ್ಕೆ ಅಂತ ನನ್ನನ್ನೇ ಕೇಳಿದ್ರು.

ಆ ಹಾಳೆಲಿ ಅಕ್ಕನ ಪಕ್ಕದ ಸೊನ್ನೆ ನಂದು, ಇನ್ನೂ ಖಾಲಿ ಇದೆ. ನನ್ನ ಡೇಟ್ ಜೂನ್‌ನಲ್ಲಿ. ಬೇಗ ಕೊಡಿ ಅಂತ ಕೇಳಿಲ್ಲ.