ಹಾಸು, ಹೊಕ್ಕು, ಗಿಟಾರು

ಅಕ್ಕಲಕೋಟೆಯ ಆ ಮನೆಯಲ್ಲಿ ಸಂಜೆಯ ಸದ್ದುಗಳಿಗೊಂದು ಕ್ರಮವಿತ್ತು. ಸೊಲ್ಲಾಪುರದ ಮಗ್ಗದ ಕಾರಖಾನೆಯಿಂದ ತಂದೆ ಮರಳುವ ವೇಳೆಗೆ ತಾಯಿ ರೊಟ್ಟಿ ಬಡಿಯುತ್ತಿರುವಳು. ಓಣಿಯ ಗುಡಿಯಲ್ಲಿ ಭಜನೆಯ ತಾಳ ಮೊದಲಾಗುವುದು. ಕನ್ನಡ ಶಾಲೆಯ ಹತ್ತನೆಯ ತರಗತಿಯಲ್ಲಿದ್ದ ಮಗನ ಮೊಬೈಲಿನಿಂದ ಗಿಟಾರಿನ ಗರ್ಜನೆ ಹೊರಟಂದು ಆ ಕ್ರಮ ಕೆಟ್ಟಿತು.

ಶಾಲೆಯ ಸ್ನೇಹಸಮ್ಮೇಳನಕ್ಕೆ ಮೆಚ್ಚಿನ ಸಾಧಕರನ್ನು ಕುರಿತು ಪ್ರಬಂಧ ಬರೆಯಬೇಕಾಗಿತ್ತು. ಹುಡುಗ ಆರಿಸಿಕೊಂಡದ್ದು ಬೆಂಗಳೂರಿನ ‘ಕ್ರಿಪ್ಟೋಸ್’ ಎಂಬ ಹೆವಿ ಮೆಟಲ್ ತಂಡವನ್ನು.

“ತಮ್ಮಾ, ನಮ್ಮ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಅವರ ಬಗ್ಗೆ ಬರಿಯಬಾರದೇನು? 1974ರಾಗ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕ ಅಧ್ಯಕ್ಷರಾದವರು, ಹೆಣ್ಣುಮಕ್ಕಳೊಳಗ ಮೊದಲನೆಯವರು. ಇವರು ಇಂಗ್ಲೀಷಿನ್ಯಾಗ ಒದರತಾರ. ಕನ್ನಡ ಶಾಲ್ಯಾಗ ಇವರದೇನು ಕೆಲಸ?”

“ಅವರ ಬಗ್ಗೆ ನಾಲ್ಕು ಮಂದಿ ಬರದಾರ ಅಪ್ಪಾ. ಇವರ ಬಗ್ಗೆ ಕನ್ನಡದಾಗ ಬರದದ್ದು ನನಗ ಎಲ್ಲೂ ಸಿಗಲಿಲ್ಲ.”

ತಂದೆ ಹಾಳೆಯನ್ನು ತೆಗೆದುಕೊಂಡು ಓದಿದರು. 1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಕಟ್ಟಿದ ತಂಡವದು. ಸಿನಿಮಾದ ಆಸರೆಯಿಲ್ಲ, ಊರೂರಿಗೆ ಕೇಳುಗರಿಲ್ಲ. ಮೊದಲ ಆಲ್ಬಮ್ ‘ಸ್ಪೈರಲ್ ಅಸೆಂಟ್’ ಬಂದದ್ದು 2004ರಲ್ಲಿ; ಎರಡನೆಯದಕ್ಕೆ ಮತ್ತೆ ನಾಲ್ಕು ವರ್ಷ, ಮೂರನೆಯದಕ್ಕೆ ಇನ್ನೂ ನಾಲ್ಕು. 2013ರಲ್ಲಿ ತಂಡ ಜರ್ಮನಿಯ ವಾಕನ್ ಉತ್ಸವದ ವೇದಿಕೆಯನ್ನೇರಿತು. ವಾಕನ್ ಒಂದು ಪುಟ್ಟ ಹಳ್ಳಿ. 1990ರಿಂದ ಅಲ್ಲಿ ಬೇಸಿಗೆಯಲ್ಲಿ ಮೆಟಲ್ ಸಂಗೀತದ ಜಾತ್ರೆ ನೆರೆಯುತ್ತದೆ. ಮುಂದೆ ಸದಸ್ಯರು ಬದಲಾದರು, ತಂಡ ನಿಲ್ಲಲಿಲ್ಲ. 2024ರಲ್ಲಿ ‘ಡೆಸಿಮೇಟರ್’ ಬಂದಿತು.

ಅಲ್ಲಿಗೆ ಪ್ರಬಂಧ ತಡೆದು ನಿಂತಿತ್ತು. ಆ ಸಂಗೀತ ಹೇಗಿರುತ್ತದೆಂದು ಹೇಳಲು ಹುಡುಗನಿಗೆ ಮಾತು ದೊರೆತಿರಲಿಲ್ಲ. ಇಂಗ್ಲೀಷಿನ ಪದಗಳನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದ.

ತಂದೆಯ ಮನಸ್ಸಿಗೆ ಚುಚ್ಚಿದ್ದು ಆ ಹೊಡೆದುಹಾಕಿದ ಸಾಲುಗಳು. ಮಗ ಮುಂದೆ ಸೊಲ್ಲಾಪುರದ ಕಾಲೇಜಿಗೆ ಹೋಗುವವನು. ಪಾಠ ಇಂಗ್ಲೀಷಿನಲ್ಲಿ, ಪೇಟೆ ಮರಾಠಿಯಲ್ಲಿ. ಪ್ರೀತಿಸಿದ್ದನ್ನು ಹೇಳಲು ಕನ್ನಡ ಸಾಲದೆಂದು ಇಂದು ಅವನಿಗೆ ತೋರಿದರೆ, ನಾಳೆ ಆ ಪ್ರೀತಿಯೊಡನೆ ಅವನೂ ಬೇರೆ ಭಾಷೆಗೆ ಹೊರಟುಹೋಗುವನು. ಮನೆಯಲ್ಲಿ ಕನ್ನಡ ಊಟಕ್ಕೆ ಕರೆಯುವುದಕ್ಕಷ್ಟೇ ಉಳಿಯುವುದು.

“ಒಮ್ಮೆ ಹಚ್ಚು, ಕೇಳೋಣ,” ಎಂದರು.

ಹುಡುಗ ಅಂಜುತ್ತಲೇ ಹಾಡು ಹಚ್ಚಿದ. ಇಪ್ಪತ್ತು ವರ್ಷ ಮಗ್ಗಗಳ ಸದ್ದಿನಲ್ಲಿ ದುಡಿದ ಕಿವಿ ಗದ್ದಲಕ್ಕೆ ಹೆದರಲಿಲ್ಲ. ಅದರೊಳಗಿನ ಲೆಕ್ಕವನ್ನು ಹುಡುಕಿತು. ಸ್ವಲ್ಪ ಹೊತ್ತಿಗೆ ಅವರ ಬೆರಳು ಮೊಣಕಾಲಿನ ಮೇಲೆ ತಾಳ ಹಾಕತೊಡಗಿತು.

“ಕೆಳಗ ಡ್ರಮ್ಮು ಮತ್ತ ಆ ದಪ್ಪ ತಂತಿ ಒಂದೇ ಸಮ ನಡದಾವ. ಅದು ಹಾಸು. ಮ್ಯಾಲ ಎರಡು ಗಿಟಾರು ಲಾಳಿಯಂಗ ಹೋಗಿ ಹೋಗಿ ಬರತಾವ. ಅದು ಹೊಕ್ಕು. ಇಷ್ಟು ಬರಿ. ನಮ್ಮ ಮಂದಿಗೆ ತಿಳೀತದ.”

ಹುಡುಗ ಬರೆದುಕೊಂಡ. ಬೆಂಗಳೂರಿನ ತಂಡದ ಸಂಗೀತಕ್ಕೆ ಸೊಲ್ಲಾಪುರದ ಮಗ್ಗ ಮಾತು ಕೊಟ್ಟಿತ್ತು. ತಂದೆ ಎರಡು ಒತ್ತಕ್ಷರಗಳನ್ನು ತಿದ್ದಿ ಹಾಳೆಯನ್ನು ಮರಳಿಸಿದರು.

“ಜಯದೇವಿತಾಯಿಯವರ ಬಗ್ಗೆ ಮುಂದಿನ ವರ್ಷ ಬರಿ,” ಎಂದರು.

“ಮುಂದಿನ ವರ್ಷ ನಾ ಈ ಶಾಲ್ಯಾಗ ಇರೂದಿಲ್ಲಲ್ಲ, ಅಪ್ಪಾ.”

“ಶಾಲಿ ಬಿಟ್ಟರ ಕನ್ನಡ ಬರಿಯೂದು ಬಿಡತೀಯೇನು?”

ಹುಡುಗ ತಲೆಯಲ್ಲಾಡಿಸಿದ. ಗುಡಿಯಲ್ಲಿ ಭಜನೆ ಮೊದಲಾಗಿತ್ತು. ತಂದೆ ತಾಳಗಳನ್ನು ಕೈಗೆತ್ತಿಕೊಂಡು ಹೊರಟರು.