ಕ್ಯೋಟೊದಿಂದ ಬಂದವಳ ಜೊತೆ ಭಟ್ಕಳಕ್ಕೆ

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬಹುದು. ನನ್ನ ತಂಗಿಯ ಮಗಳು ಕಂಪೆನಿ ಕೆಲಸದ ಮೇಲೆ ಜಪಾನಿಗೆ ಹೋದವಳು ನಾಲ್ಕು ದಿನ ರಜೆ ಹಾಕಿ ಕ್ಯೋಟೊ ನಗರವನ್ನೆಲ್ಲ ಸುತ್ತಿ ಬಂದಳು. ಬಂದ ಮೇಲೆ ತಿಂಗಳುಗಟ್ಟಲೆ ಅದೇ ಮಾತು. ಬಾಗಿಲಲ್ಲೇ ಚಪ್ಪಲಿ ಕಳಚಿ, ಚಾಪೆ ಹಾಸಿದ ಕೋಣೆಯಲ್ಲಿ ಮೊಣಕಾಲು ಮಡಚಿ ಕುಳಿತು, ಹಸಿರು ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುವ ಕ್ರಮವನ್ನು ಕಲಿಯಲು ಆಕೆ ದುಡ್ಡು ಕೊಟ್ಟಿದ್ದಳು. "ಖಾಲಾ, ಅವರು ಹಳೆಯದನ್ನೆಲ್ಲ ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದಾರೆ! ನಮ್ಮಲ್ಲಿ ಏನಿದೆ ಹೇಳಿ" ಎಂದಳು.

"ಭಟ್ಕಳಕ್ಕೆ ಹೋಗೋಣ, ಬಾ" ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮತ್ತೆ ಮೆಲ್ಲಗೆ, "ಅದು ಟೀವಿಯಲ್ಲಿ ಬರುವ ಊರಲ್ಲವಾ ಖಾಲಾ?" ಎಂದು ಕೇಳಿದಳು. ನಮ್ಮ ಮನೆಯ ಹುಡುಗಿಯ ಬಾಯಲ್ಲೇ ಈ ಮಾತು! ಬೇರೆಯವರನ್ನು ದೂರಿ ಏನು ಪ್ರಯೋಜನ? ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಎಪ್ರಿಲ್ ತಿಂಗಳಲ್ಲಿ ಹೊರಟೆವು. ನೀವೂ ಹೋಗುವುದಾದರೆ ಕೊಂಕಣ ರೈಲೇ ಸುಲಭ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ನಿಲ್ದಾಣವಿದೆ. ಭಟ್ಕಳದಲ್ಲಿ ಹೆದ್ದಾರಿಯ ಅಂಗಡಿಸಾಲನ್ನು ನೋಡಿ ನಿರಾಶರಾಗಬೇಡಿ. ಒಳಗಿನ ಹಳೆಯ ಕೇರಿಗಳಿಗೆ ಹೋಗಬೇಕು. ಸುಲ್ತಾನ್ ಸ್ಟ್ರೀಟ್, ಖಲೀಫಾ ಸ್ಟ್ರೀಟ್ ಎಂಬ ಹೆಸರುಗಳೇ ಕಥೆ ಹೇಳುತ್ತವೆ. ವಿಜಯನಗರದ ಅರಸರಿಗೆ ಬೇಕಾದ ಅರಬಿ ಕುದುರೆಗಳು ಬಂದಿಳಿಯುತ್ತಿದ್ದ ಬಂದರುಗಳಲ್ಲಿ ಇದೂ ಒಂದು. ಆ ಕಡಲ ವ್ಯಾಪಾರದ ನೆಂಟಸ್ತಿಕೆಯಿಂದ ಬೆಳೆದ ಸಮುದಾಯವೇ ನವಾಯತರು. ಅವರಾಡುವ ನವಾಯತಿಯ ಬೇರು ಕೊಂಕಣಿಯದು, ಅದರಲ್ಲಿ ಅರಬಿ, ಫಾರ್ಸಿ ಪದಗಳು ಬೆರೆತಿವೆ, ಬರೆಯುವುದು ಮಾತ್ರ ಬಲದಿಂದ ಎಡಕ್ಕೆ. ಚಿನ್ನದ ಪಳ್ಳಿ ಎಂದೇ ಹೆಸರಾದ ಜಾಮಿಯಾ ಮಸೀದಿ ಇರುವ ಇದೇ ಊರಿನಲ್ಲಿ ಜೈನರ ಚಂದ್ರನಾಥ ಬಸದಿಯಿದೆ, ಕಲ್ಲಿನ ಕೆತ್ತನೆಗೆ ಹೆಸರಾದ ಖೇತಪೈ ನಾರಾಯಣ ದೇವಾಲಯವೂ ಇದೆ.

ಆದರೆ ಭಟ್ಕಳವನ್ನು ಬೀದಿಯಲ್ಲಿ ನಿಂತು ನೋಡಿದರೆ ಅರ್ಧ ಮಾತ್ರ ನೋಡಿದಂತೆ. ಪರಿಚಯದವರ ಮನೆಯೊಂದಕ್ಕೆ ಮೊದಲೇ ಹೇಳಿ ಹೋಗಿ. ನಾವು ಹೋದ ಮನೆಯ ಮುಂಭಾಗ ಕಿರಿದು, ಒಳಗೆ ಕೋಣೆಯ ಹಿಂದೆ ಕೋಣೆ, ಮುಗಿಯುವುದೇ ಇಲ್ಲ. ಗಂಡಸರಲ್ಲಿ ಇಬ್ಬರು ಗಲ್ಫಿನಲ್ಲಿ, ಮನೆ ನಡೆಸುವುದೆಲ್ಲ ಹೆಂಗಸರೇ. ಮುತ್ತಜ್ಜಿಯೊಬ್ಬರು ಭಟ್ಕಳ ಮಲ್ಲಿಗೆಯ ದಂಡೆಯನ್ನು ನನ್ನ ಹುಡುಗಿಯ ಕೈಗಿಟ್ಟರು. ಆಮೇಲೆ ಊಟ. ಬಿರಿಯಾನಿಗೆ ಅನ್ನ ಬೇರೆ, ಮಸಾಲೆ ಬೇರೆ ಬೇಯಿಸಿ ಪದರ ಪದರವಾಗಿ ಹಾಕುತ್ತಾರೆ, ಈರುಳ್ಳಿಗಂತೂ ಲೆಕ್ಕವಿಲ್ಲ. ಅಕ್ಕಿಯ ಬದಲು ಶಾವಿಗೆಯಿಂದ ಮಾಡುವ ಶಯ್ಯೋ ಬಿರಿಯಾನಿಯನ್ನು ನನ್ನ ಹುಡುಗಿ ಅಂದೇ ಮೊದಲು ನೋಡಿದ್ದು. ಒಂದೇ ದೊಡ್ಡ ತಟ್ಟೆಯ ಸುತ್ತ ನಾಲ್ಕು ಜನ ನೆಲದ ಮೇಲೆ ಕುಳಿತೆವು. ಬಾಗಿಲಲ್ಲಿ ಚಪ್ಪಲಿ ಬಿಟ್ಟದ್ದು, ಕಾಲು ಮಡಚಿ ಕುಳಿತದ್ದು ಅವಳಿಗೆ ತಾನಾಗಿಯೇ ನೆನಪಾಯಿತೋ ಏನೋ, ನನ್ನ ಮುಖ ನೋಡಿ ನಕ್ಕಳು. ಇಲ್ಲಿ ಯಾರೂ ದುಡ್ಡು ಕೇಳಲಿಲ್ಲ. "ಇನ್ನೂ ಸ್ವಲ್ಪ ಹಾಕಿಸಿಕೋ ಮಗಳೇ" ಎಂಬ ಒತ್ತಾಯವನ್ನು ತಡೆಯುವುದೇ ಕಷ್ಟವಾಯಿತು.

ಮರುದಿನ ಹೊನ್ನಾವರದ ಹತ್ತಿರ ರೈಲು ಶರಾವತಿಯನ್ನು ದಾಟುವಾಗ ಕಿಟಕಿಯ ಬಳಿ ಕುಳಿತುಕೊಳ್ಳಿ. ಸೇತುವೆ ಎರಡು ಕಿಲೋಮೀಟರಿಗೂ ಉದ್ದವಿದೆ. ಈ ನದಿಯ ಬಾಯಿಗೆ 1340ರ ದಶಕದಲ್ಲಿ ಇಬ್ನ್ ಬತೂತಾ ಬಂದಿದ್ದ. ಮೊರೊಕ್ಕೊದ ಆ ಪ್ರವಾಸಿ ಊರನ್ನು ಹಿನಾವರ್ ಎಂದು ಕರೆದಿದ್ದಾನೆ. ಸುಲ್ತಾನ್ ಜಮಾಲುದ್ದೀನನ ಅತಿಥಿಯಾಗಿದ್ದ ಆತ ಊಟವನ್ನು ಬಡಿಸಿದ ಕ್ರಮದಲ್ಲೇ ವರ್ಣಿಸುತ್ತಾನೆ. ಮೊದಲು ಅನ್ನಕ್ಕೆ ತುಪ್ಪ, ಜೊತೆಗೆ ಕಾಳುಮೆಣಸು, ಹಸಿ ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಆಮೇಲೆ ಕೋಳಿ, ಮೀನು, ತರಕಾರಿ. ಕೊನೆಗೆ ಮೊಸರು. ಕುಡಿಯಲು ಬಿಸಿನೀರು. ಇನ್ನೊಮ್ಮೆ ಬಂದಾಗ ಹನ್ನೊಂದು ತಿಂಗಳು ರೊಟ್ಟಿಯ ಮುಖವನ್ನೇ ಕಾಣದೆ ಅನ್ನ ತಿಂದೆ ಎಂದೂ ಹೇಳಿಕೊಂಡಿದ್ದಾನೆ. ಪಾಪ, ಬೇಸರವಾಗಿದ್ದಿರಬೇಕು!

ನನ್ನ ಹುಡುಗಿಯನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ಆ ಊರಿನ ಹೆಂಗಸರೆಲ್ಲ ಕುರ್‌ಆನನ್ನು ಬಾಯಿಪಾಠ ಮಾಡಿದವರೆಂದು ಆತ ಬರೆಯುತ್ತಾನೆ. ಗಂಡುಮಕ್ಕಳಿಗೆ 23 ಶಾಲೆಗಳು, ಹೆಣ್ಣುಮಕ್ಕಳಿಗೆ 13. ಬೇರೆ ಯಾವ ಊರಿನಲ್ಲೂ ಇಂಥದ್ದನ್ನು ಕಂಡಿಲ್ಲ ಎನ್ನುತ್ತಾನೆ. ಅರ್ಧ ಜಗತ್ತು ಸುತ್ತಿದವನ ಮಾತಿದು. "ಹದಿಮೂರಾ?" ಎಂದು ಅವಳು ಎರಡು ಸಲ ಕೇಳಿದಳು. ಆ ಶಾಲೆಗಳ ಗುರುತು ಹೊನ್ನಾವರದಲ್ಲಿ ಹುಡುಕಿದರೆ ಸಿಗದು. ಮೀನಿನ ದೋಣಿಗಳು ನಿಂತ ದಡದಲ್ಲಿ ಕಾಲು ಇಳಿಬಿಟ್ಟು ಕುಳಿತು ನಾವು ಬರೀ ನೀರು ನೋಡಿದೆವು. ಭಟ್ಕಳದಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆ 1919ರಲ್ಲಿ ಶುರುವಾದದ್ದನ್ನು ಹೇಳಿದೆ. ಹಿಂದಿನ ದಿನ ಸಂಜೆ ಕೇರಿಯಲ್ಲಿ ಪುಸ್ತಕದ ಚೀಲ ಹೊತ್ತು ಬರುತ್ತಿದ್ದ ಹುಡುಗಿಯರ ಹಿಂಡನ್ನು ಅವಳೂ ನೋಡಿದ್ದಳು.

ಹೊನ್ನಾವರದಿಂದ ಕುಮಟಾ ಅರ್ಧ ಗಂಟೆಯ ದಾರಿ. ಅಲ್ಲಿಂದ ಅಘನಾಶಿನಿಯ ದಡದ ಮಿರ್ಜಾನ್ ಕೋಟೆಗೆ ಆಟೋ ಮಾಡಿಕೊಳ್ಳಿ, ಹೋಗಿ ಬರುವ ಬಾಡಿಗೆಯನ್ನು ಮೊದಲೇ ಮಾತಾಡಿ. ನಮಗೆ ಮಾತಾಡದೆ ಹೋಗಿ ಕೈಸುಟ್ಟಿತು. ಕೆಂಪುಕಲ್ಲಿನ ಈ ಕೋಟೆಯ ಜೊತೆ ಸೇರಿಕೊಂಡ ಹೆಸರು ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯದು. 16ನೇ ಶತಮಾನದಲ್ಲಿ ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆಯುತ್ತಿದ್ದರು. ಹೆದರಿಕೆಯೂ ಇತ್ತು, ಮೆಣಸೂ ಬೇಕಿತ್ತು. ಮಳೆಗಾಲದಲ್ಲಿ ಗೋಡೆಗಳೆಲ್ಲ ಹಾವಸೆ ಹಿಡಿದು ಹಸಿರಾಗುತ್ತವೆ, ನೋಡುವುದಾದರೆ ಆಗಲೇ ನೋಡಬೇಕು. ನಾವು ಹೋದಾಗ ಒಣಗಿದ ಹುಲ್ಲು, ಉರಿಬಿಸಿಲು. ಮರದ ನೆರಳಿನಲ್ಲಿ ಕುಳಿತು ಭಟ್ಕಳದ ಮನೆಯವರು ಕಟ್ಟಿಕೊಟ್ಟಿದ್ದ ಬುತ್ತಿ ಬಿಚ್ಚಿದೆವು.

ಹಿಂದಿರುಗುವಾಗ ಹೆದ್ದಾರಿಯ ಪಕ್ಕದಲ್ಲಿ ಕುಮಟಾದ ಸಿಹಿ ಈರುಳ್ಳಿಯನ್ನು ಜಡೆಯಂತೆ ಹೆಣೆದು ತೂಗುಹಾಕಿದ್ದರು. ಬೇಸಿಗೆಯಲ್ಲಿ ಮಾತ್ರ ಸಿಗುವ ಮಾಲು. ನನ್ನ ಹುಡುಗಿ ಎರಡು ಗೊಂಚಲು ಕೊಂಡಳು. ರೈಲಿನಲ್ಲಿ ಎದುರಿಗೆ ಕುಳಿತಿದ್ದ ಹೆಂಗಸು, "ಎಲ್ಲಿಗೆ ಹೋಗಿದ್ದಿರಿ?" ಎಂದು ವಿಚಾರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, "ಭಟ್ಕಳಕ್ಕೆ" ಎಂದು ಗಟ್ಟಿಯಾಗಿಯೇ ಹೇಳಿ, ಮಲ್ಲಿಗೆಯ ದಂಡೆಯಲ್ಲಿ ಬಾಡದೆ ಉಳಿದಿದ್ದ ತುಂಡೊಂದನ್ನು ಮುರಿದು ಅವರಿಗೆ ಕೊಟ್ಟಳು.