ಮ್ಯಾನ್ಸ್ ಕಾಂಪೌಂಡು

ಕೊಡಗಿನಲ್ಲಿ ಯಾವುದಕ್ಕೆ ಬರ ಬಂದರೂ ಇಳಿಜಾರಿಗೆ ಬರವಿಲ್ಲ. ಮನೆ ಕಟ್ಟಬೇಕೆಂದರೆ ಮೊದಲು ಬರೆ ಕಡಿಯಬೇಕು, ಜೀಪು ನಿಲ್ಲಿಸಿದರೆ ಚಕ್ರಕ್ಕೆ ಕಲ್ಲು ಕೊಡಬೇಕು. ಎಲ್ಲಾದರೂ ಒಂದಿಷ್ಟು ಸಮತಟ್ಟು ನೆಲ ಕಂಡರೆ ಅದು ಗದ್ದೆಯೇ. ಹಾಗಾಗಿ ಹಳ್ಳಿ ಹುಡುಗರಿಗೆ ಮೈದಾನವೆಂದರೆ ಕೊಯ್ಲಾದ ಗದ್ದೆ. ಸುಗ್ಗಿಯ ಹಬ್ಬ ಪುತ್ತರಿ ಕಳೆದು ಕೆಸರು ಆರಿದ ಮೇಲೆ ಕೂಳೆಗಳ ನಡುವೆ ಹಾಕಿ ಶುರು. ತೋಟದಂಚಿನಲ್ಲಿ ಬುಡ ಬಾಗಿದ ಕೋಲು ಸಿಕ್ಕರೆ ಅದೇ ಸ್ಟಿಕ್ಕು. ಚೆಂಡು ಕೂಳೆಗೆ ತಾಗಿ ಎತ್ತ ಹಾರೀತೆಂದು ಹೊಡೆದವನಿಗೂ ಗೊತ್ತಿಲ್ಲ. 1973ರ ವಿಶ್ವಕಪ್ಪಿನಲ್ಲಿ ಭಾರತದ ನಾಯಕರಾಗಿದ್ದ ಎಂ.ಪಿ. ಗಣೇಶ್ ಕೊಡಗಿನವರು, 1975ರಲ್ಲಿ ಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ ಕೂಡ. ನಮ್ಮವರ ಕೈಚಳಕ ಹೊಗಳುವವರು ಕೂಳೆಗೂ ಒಂದು ಪಾಲು ಕೊಡಬೇಕೆಂಬುದು ನನ್ನ ವಾದ.

ಮಡಿಕೇರಿ ಪೇಟೆಯವರು ಗದ್ದೆಗೆ ಎಲ್ಲಿ ಹೋಗಬೇಕು? ಅವರಿಗೆ ಮ್ಯಾನ್ಸ್ ಕಾಂಪೌಂಡೇ ಗತಿ. ಬೋರ್ಡಿನ ಮೇಲೆ ಅದು ಜನರಲ್ ತಿಮ್ಮಯ್ಯ ಕ್ರೀಡಾಂಗಣ. ತಿಮ್ಮಯ್ಯನವರು 1906ರಲ್ಲಿ ಇದೇ ಊರಲ್ಲಿ ಹುಟ್ಟಿ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರು. ಹಳಬರಿಗೆ ಮಾತ್ರ ಇಂದಿಗೂ ‘ಮ್ಯಾನ್ಸ್’. ಮಳೆಗಾಲದಲ್ಲಿ ಅಲ್ಲಿ ಆಟಕ್ಕಿಂತ ಜಾರಾಟವೇ ಹೆಚ್ಚು. ಮಂಜು ಇಳಿದರೆ ಗೋಲು ಬಿದ್ದದ್ದನ್ನು ಕೂಗು ಕೇಳಿಯೇ ತಿಳಿಯಬೇಕು.

ಈ ಮೈದಾನದ ಭಾಗ್ಯ ತೆರೆದದ್ದು 2025ರಲ್ಲಿ. ಅದಕ್ಕೆ ಹಿಂದಿನ ಕಥೆ ಕರಡ ಗ್ರಾಮದ್ದು. ಬ್ಯಾಂಕಿನಿಂದ ನಿವೃತ್ತರಾದ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಅಲ್ಲಿ 60 ಕೊಡವ ಕುಟುಂಬಗಳನ್ನು ಹಾಕಿ ಆಡಲು ಕರೆದರು. ತಂಡಕ್ಕೆ ಊರಿನ ಹೆಸರಿಲ್ಲ, ಮನೆತನದ ಹೆಸರು. ಅಂದಿನಿಂದ ಈ ಹಾಕಿ ಉತ್ಸವಕ್ಕೆ ಪ್ರತಿ ಬಾರಿ ಒಂದು ಕುಟುಂಬ ಹೊಣೆ ಹೊರುತ್ತದೆ, ಕಪ್ಪಿಗೆ ಆ ಕುಟುಂಬದ ಹೆಸರೇ. ಹೊಣೆಯೆಂದರೆ ಸಣ್ಣದಲ್ಲ: ನೆಲ ಹದ ಮಾಡಬೇಕು, ಗ್ಯಾಲರಿ ಕಟ್ಟಬೇಕು, ಬಂದವರಿಗೆಲ್ಲ ಊಟ ನೋಡಿಕೊಳ್ಳಬೇಕು. 2024ರಲ್ಲಿ ನಾಪೋಕ್ಲುವಿನ ಚೆರಿಯಪರಂಬುವಿನಲ್ಲಿ ಕುಂಡ್ಯೋಳಂಡ ಕಪ್ಪಿಗೆ 360 ತಂಡ ಬಂದವು. ಮರುವರ್ಷದ 25ನೇ ಉತ್ಸವ, ಮುದ್ದಂಡ ಕಪ್, ಮಡಿಕೇರಿಗೆ ಬಂತು: 396 ತಂಡ!

ಇಲ್ಲಿ ಅಜ್ಜ ಮೊಮ್ಮಗ ಒಂದೇ ತಂಡದಲ್ಲಿ ಆಡುತ್ತಾರೆ, ಹೆಂಗಸರೂ ಸ್ಟಿಕ್ಕು ಹಿಡಿದು ಇಳಿಯುತ್ತಾರೆ. ವೀಕ್ಷಕ ವಿವರಣೆ ಕೊಡವರ ಭಾಷೆ ಕೊಡವ ತಕ್ಕಿನಲ್ಲಿ. ಅಂಪೈರ್ ಸೀಟಿ ಊದಿದರೆ ಆಟಗಾರರಿಗಿಂತ ಮೊದಲು ಗ್ಯಾಲರಿಯ ದೊಡ್ಡಮ್ಮಂದಿರು ತಕರಾರಿಗೆ ಏಳುತ್ತಾರೆ. ಗಂಡನ ಮನೆಯವರಿಗೂ ತವರಿನವರಿಗೂ ಪಂದ್ಯ ಬಿದ್ದ ದಿನ ಮಾತ್ರ ಅವರು ಯಾರ ಗೋಲಿಗೂ ಚಪ್ಪಾಳೆ ತಟ್ಟುವ ಧೈರ್ಯ ಮಾಡುವುದಿಲ್ಲ.